ಪುಟ ಇರುವುದು ಎಲ್ಲಿ?

ಹೊಳಲ್ಕೆರೆಯಲ್ಲಾಗಲಿ ಹೊಸದುರ್ಗದಲ್ಲಾಗಲಿ, ಬಸ್ ನಿಲ್ದಾಣದ ಆಸುಪಾಸಿನ ಕಂಪ್ಯೂಟರ್ ಸೆಂಟರುಗಳಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಬೆಳೆ ವಿಮೆಗೆ ಪಹಣಿ ಬೇಕೆಂದು ಬಂದ ತೋಟದವರು, ಜಾತಿ–ಆದಾಯ ಪ್ರಮಾಣಪತ್ರಕ್ಕೆ ಕಾದ ಹುಡುಗಿಯರು, ಪಿಂಚಣಿಯ ಕಾಗದ ಹಿಡಿದ ಹಿರಿಯರು. ಕಂಪ್ಯೂಟರಿನ ಮುಂದೆ ಕೂತವನು ಒಂದು ಫೋಲ್ಡರ್ ತೆರೆಯುತ್ತಾನೆ, ಅದರೊಳಗಿನ ಫೈಲಿನ ಮೇಲೆ ಎರಡು ಸಲ ಒತ್ತುತ್ತಾನೆ, ಬ್ರೌಸರಿನಲ್ಲಿ ಒಂದು ಪುಟ ತೆರೆದುಕೊಳ್ಳುತ್ತದೆ. ಪಕ್ಕದ ಟ್ಯಾಬಿನಲ್ಲಿ ಕಂದಾಯ ಇಲಾಖೆಯ ಪುಟ ಆಗಲೇ ತೆರೆದಿದೆ. ಎರಡೂ ಬಿಳಿ ಹಾಳೆ, ಎರಡರಲ್ಲೂ ಸರ್ವೆ ನಂಬರು, ಎರಡರಲ್ಲೂ ಹೆಸರು. ‘ಇದು ಆಫೀಸಿಂದ ಈಗ ಬಂದಿದ್ದಾ, ನಿಮ್ಮ ಕಂಪ್ಯೂಟ್ರಲ್ಲಿ ಮೊದ್ಲೇ ಇತ್ತಾ?’ ಎಂದು ಬಂದವರು ಕೇಳಿದರೆ ಸಿಗುವ ಉತ್ತರ: ‘ಎಲ್ಲಾ ಒಂದೇ ಬಿಡಣ್ಣ.’

ಎಲ್ಲಾ ಒಂದೇ ಅಲ್ಲ. ಒಂದು ಪುಟ ಆ ಕ್ಷಣದಲ್ಲಿ ಸರ್ಕಾರದ ಸರ್ವರಿನಿಂದ ಬಂದದ್ದು. ಇನ್ನೊಂದು ಯಾವತ್ತೋ ಇಳಿಸಿಕೊಂಡು ಆ ಯಂತ್ರದ ಡಿಸ್ಕಿನಲ್ಲಿ ಕೂತದ್ದು. ನಡುವೆ ಜಮೀನು ಮಾರಾಟವಾಗಿರಬಹುದು, ಸಾಲದ ಭಾರ ಏರಿರಬಹುದು, ಪಾಲು ವಿಭಾಗವಾಗಿರಬಹುದು. ಕೇಳಿದವರ ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಉತ್ತರ ಕೊಡಲಾಗದಂತೆ ಕಂಪ್ಯೂಟರಿನ ಪರದೆಯನ್ನು ಕಟ್ಟಿದ್ದು ಒಂದು ಕಾಲದ ತೀರ್ಮಾನ. ಫೈಲು ತೋರಿಸುವ ಕಿಟಕಿಯಲ್ಲೇ ಜಾಲದ ಪುಟವನ್ನೂ ತೆರೆಯಬೇಕು, ಎರಡರ ನಡುವಿನ ಗೆರೆ ಅಳಿಸಬೇಕು ಎಂದು ಸುಮಾರು ಹತ್ತು ವರ್ಷ ಜಗತ್ತಿನ ದೊಡ್ಡ ತಂತ್ರಾಂಶ ತಯಾರಕರು ಪ್ರಯತ್ನಪಟ್ಟರು. ಆಮೇಲೆ ಅವರೇ ಅದನ್ನು ಕೈಬಿಟ್ಟರು. ಕೈಬಿಟ್ಟದ್ದು ಸರಿ, ಆದರೆ ಆ ಗೆರೆಯನ್ನು ಬಳಸುವವರ ಕಣ್ಣಿಗೆ ಮತ್ತೆ ಕಾಣುವಂತೆ ಬರೆಯುವ ಕೆಲಸ ಅರ್ಧಕ್ಕೇ ನಿಂತಿದೆ ಎಂಬುದು ಈ ಲೇಖನದ ವಾದ.

ಎರಡು ಕೆಲಸ, ಎರಡು ಕಿಟಕಿ

ಫೈಲ್ ಮ್ಯಾನೇಜರ್ ಎಂದರೆ ನಮ್ಮ ಯಂತ್ರದೊಳಗೆ ಏನೇನಿದೆ ಎಂದು ತೋರಿಸುವ ತಂತ್ರಾಂಶ. ವಿಂಡೋಸ್‌ನಲ್ಲಿ ಹಳದಿ ಫೋಲ್ಡರಿನ ಚಿತ್ರ ಒತ್ತಿದಾಗ ತೆರೆಯುವುದು ಅದೇ. ಫೈಲು ನಕಲು ಮಾಡುವುದು, ಹೆಸರು ಬದಲಿಸುವುದು, ಪೆನ್‌ಡ್ರೈವಿಗೆ ಹಾಕುವುದು, ಅಳಿಸುವುದು ಎಲ್ಲವೂ ಅಲ್ಲೇ. ಬ್ರೌಸರ್ ಬೇರೆಯದು. ದೂರದ ಯಂತ್ರಕ್ಕೆ ಒಂದು ವಿಳಾಸ ಕಳಿಸಿ, ಅಲ್ಲಿಂದ ಬಂದ ಪುಟವನ್ನು ಪರದೆಯ ಮೇಲೆ ಬಿಡಿಸಿ ತೋರಿಸುವುದು ಅದರ ಕೆಲಸ. 1990ರಲ್ಲಿ ಟಿಮ್ ಬರ್ನರ್ಸ್ ಲೀ ಜಿನೀವಾ ಬಳಿಯ ಸರ್ನ್ ಸಂಶೋಧನಾ ಕೇಂದ್ರದಲ್ಲಿ ಮೊದಲ ಬ್ರೌಸರ್ ಬರೆದಾಗ ಪುಟವೆಂದರೆ ಓದುವ ಬರಹವಾಗಿತ್ತು. ಒಂದು ಬರಹದಿಂದ ಇನ್ನೊಂದಕ್ಕೆ ಕೊಂಡಿ ಇತ್ತು, ಅಷ್ಟೆ. ಆ ಬರಹ ಸ್ವಂತ ಡಿಸ್ಕಿನಲ್ಲಿದ್ದರೂ ಸರಿ, ಬೇರೆ ದೇಶದಲ್ಲಿದ್ದರೂ ಸರಿ, ತೋರಿಸುವ ಬಗೆ ಒಂದೇ. ವಿಳಾಸದ ಮೊದಲ ತುಂಡು ಮಾತ್ರ ಬೇರೆ: ಜಾಲದಿಂದ ಬಂದದ್ದಕ್ಕೆ ‘ಎಚ್‌ಟಿಟಿಪಿ’, ಸ್ವಂತ ಯಂತ್ರದ್ದಕ್ಕೆ ‘ಫೈಲ್’.

ಹಾಗಾದರೆ ಎರಡು ಕಿಟಕಿ ಯಾಕೆ ಎಂದು ಯಾರಿಗಾದರೂ ಅನ್ನಿಸುವುದು ಸಹಜವೇ. ಒಂದರಿಂದ ಒಂದಕ್ಕೆ ಕೊಂಡಿಯಿರುವ ಬರಹಕ್ಕೆ ಜಾಲವೇ ಬೇಕೆಂದಿಲ್ಲ. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯಲ್ಲಿ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರು ಪಾಣಿನಿಯ ವ್ಯಾಕರಣಕ್ಕೆ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶ ರೂಪಿಸಿದರು. ಸುಮಾರು 4,000 ಸೂತ್ರಗಳ ಆ ಗ್ರಂಥದಲ್ಲಿ ಒಂದು ಸೂತ್ರದ ಪದ ಮುಂದಿನ ಸೂತ್ರಗಳಿಗೂ ಹರಿದು ಬರುತ್ತದೆ; ಒಂದನ್ನು ತಿಳಿಯಲು ಹಿಂದಿನದನ್ನು ನೋಡಲೇಬೇಕು. ಕೊಂಡಿ ಹಿಡಿದು ಓದುವ ಬಗೆ ಇಂಥ ಗ್ರಂಥಕ್ಕೆ ಹೇಳಿ ಮಾಡಿಸಿದ್ದು, ಅದು ಸ್ವಂತ ಯಂತ್ರದಲ್ಲೇ ಇದ್ದರೆ ಓದುವವರಿಗೆ ಜಾಲದ ಹಂಗಿಲ್ಲ. ಆದ್ದರಿಂದ ಎರಡು ಕಿಟಕಿಗಳನ್ನು ಬೆಸೆಯಹೊರಟವರ ಮೂಲ ಯೋಚನೆಯನ್ನು ಮೂರ್ಖತನ ಎನ್ನಲಾಗದು. ತಪ್ಪಿದ್ದು ಮುಂದಿನ ಹೆಜ್ಜೆ.

1997ರ ಬೆಸುಗೆ

1995ರ ಆಗಸ್ಟ್ 24ರಂದು ವಿಂಡೋಸ್ 95 ಬಂದಾಗ ಅದರ ಫೈಲ್ ಮ್ಯಾನೇಜರಿಗೂ ಬ್ರೌಸರಿಗೂ ಸಂಬಂಧವಿರಲಿಲ್ಲ. ಎರಡರ ಹೆಸರಿನಲ್ಲೂ ‘ಎಕ್ಸ್‌ಪ್ಲೋರರ್’ ಇತ್ತು, ಅಷ್ಟೇ. 1997ರ ಶರತ್ಕಾಲದಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 4 ಎಂಬ ಬ್ರೌಸರ್ ಈ ಎರಡನ್ನೂ ಹೆಣೆಯಿತು. 1998ರ ಜೂನ್ 25ರಂದು ಮಾರುಕಟ್ಟೆಗೆ ಬಂದ ವಿಂಡೋಸ್ 98ರಲ್ಲಿ ಆ ಹೆಣಿಗೆ ವ್ಯವಸ್ಥೆಯ ಭಾಗವೇ ಆಯಿತು. ‘ಮೈ ಕಂಪ್ಯೂಟರ್’ ತೆರೆದರೆ ಮೇಲೊಂದು ವಿಳಾಸಪಟ್ಟಿ. ಅದರಲ್ಲಿ ಸಿ ಡ್ರೈವಿನ ಹೆಸರು ಬರೆದರೆ ಫೈಲುಗಳು, ಜಾಲದ ವಿಳಾಸ ಬರೆದರೆ ಅದೇ ಕಿಟಕಿಯೊಳಗೆ ಜಾಲದ ಪುಟ. ಮೇಲಿನ ಬಟನ್ನುಗಳೂ ತಕ್ಕಂತೆ ತಾವಾಗಿಯೇ ಬದಲಾಗುತ್ತಿದ್ದವು. ಡೆಸ್ಕ್‌ಟಾಪಿನ ಮೇಲೇ ಜಾಲದ ಪುಟ ಅಂಟಿಸಬಹುದಿತ್ತು. ಬೇಕೆಂದರೆ ಫೈಲುಗಳ ಹೆಸರಿಗೂ ಅಡಿಗೆರೆ ಬಂದು, ಜಾಲದ ಕೊಂಡಿಯಂತೆ ಒಂದೇ ಒತ್ತಿಗೆ ತೆರೆದುಕೊಳ್ಳುತ್ತಿದ್ದವು.

ಒಳಗಿನ ಏರ್ಪಾಟು ಇನ್ನೂ ಆಳವಾಗಿತ್ತು. ಫೋಲ್ಡರನ್ನು ‘ವೆಬ್ ನೋಟ’ದಲ್ಲಿ ತೆರೆದಾಗ ಎಡಗಡೆ ಫೈಲಿನ ಹೆಸರು, ಗಾತ್ರ, ಚಿತ್ರವಿದ್ದರೆ ಅದರ ಸಣ್ಣ ಪ್ರತಿ ಕಾಣಿಸುತ್ತಿತ್ತಲ್ಲ, ಆ ಭಾಗವೇ ಒಂದು ಜಾಲಪುಟ. ಫೋಲ್ಡರಿನೊಳಗೆ ಅಡಗಿದ್ದ ‘ಫೋಲ್ಡರ್ ಡಾಟ್ ಎಚ್‌ಟಿಟಿ’ ಎಂಬ ಮಾದರಿ ಫೈಲನ್ನು ಓದಿ ಬ್ರೌಸರಿನ ಎಂಜಿನ್ ಅದನ್ನು ಬಿಡಿಸುತ್ತಿತ್ತು. ಅಂದರೆ ಮನೆಯ ಫೋಟೊ ಇಟ್ಟ ಫೋಲ್ಡರ್ ತೆರೆಯುವುದೂ ಪುಟವೊಂದನ್ನು ಓಡಿಸಿದಂತೆಯೇ ಆಯಿತು. ವಿಂಡೋಸ್ 98ಕ್ಕೆ ಕನಿಷ್ಠ 16 ಎಂಬಿ ಮೆಮೊರಿ ಸಾಕು ಎಂದು ಹೇಳಿದ್ದ ಕಾಲ ಅದು. ಅಂಥ ಯಂತ್ರಗಳಲ್ಲಿ ಬ್ರೌಸರ್ ಕೈಕೊಟ್ಟರೆ ಅದರ ಜೊತೆಗೆ ಟಾಸ್ಕ್‌ಬಾರ್, ಡೆಸ್ಕ್‌ಟಾಪಿನ ಐಕಾನುಗಳೆಲ್ಲ ಮಾಯವಾಗಿ ಮತ್ತೆ ಬರಬೇಕಿತ್ತು. ಹಳಬರಿಗೆ ಅದು ನೆನಪಿರಲೇಬೇಕು.

ನ್ಯಾಯಾಲಯದ ಮುಂದೆ

ಈ ಬೆಸುಗೆಯ ಹಿಂದೆ ಅನುಕೂಲದ ಮಾತಷ್ಟೇ ಇರಲಿಲ್ಲ. ಆಗ ನೆಟ್‌ಸ್ಕೇಪ್ ಎಂಬ ಬ್ರೌಸರ್ ಜನಪ್ರಿಯವಾಗಿತ್ತು. ಬ್ರೌಸರನ್ನು ವಿಂಡೋಸ್‌ನಿಂದ ಬಿಡಿಸಲು ಬಾರದಂತೆ ಸೇರಿಸಿಬಿಟ್ಟರೆ ಎದುರಾಳಿಗೆ ಜಾಗವೇ ಉಳಿಯುವುದಿಲ್ಲ. ಅಮೆರಿಕದ ನ್ಯಾಯ ಇಲಾಖೆ ಮತ್ತು ಹಲವು ರಾಜ್ಯಗಳು 1998ರ ಮೇ 18ರಂದು ವಿಂಡೋಸ್ ತಯಾರಿಸುವ ಮೈಕ್ರೋಸಾಫ್ಟ್ ಮೇಲೆ ಏಕಸ್ವಾಮ್ಯದ ಮೊಕದ್ದಮೆ ಹೂಡಿದವು. ಬ್ರೌಸರ್ ಬೇರೆಯಲ್ಲ, ಅದು ವಿಂಡೋಸ್‌ನ ಅಂಗವೇ, ತೆಗೆದರೆ ವ್ಯವಸ್ಥೆ ಕೆಡುತ್ತದೆ ಎಂಬುದು ಕಂಪನಿಯ ವಾದ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಬ್ರೌಸರನ್ನು ಬಳಕೆದಾರರ ಕೈಗೆ ಸಿಗದಂತೆ ತೆಗೆದುಹಾಕುವ ಪ್ರೋಗ್ರಾಂ ಬರೆದು ತೋರಿಸಿದರು. ಅದರಿಂದ ವಿಂಡೋಸ್ ನಿಧಾನವಾಗುತ್ತದೆಂದು ಸಾಬೀತುಪಡಿಸಲು ಕಂಪನಿ 1999ರ ಫೆಬ್ರುವರಿಯಲ್ಲಿ ತೋರಿಸಿದ ವಿಡಿಯೊದಲ್ಲಿ ಒಂದಕ್ಕೊಂದು ತಾಳೆಯಾಗದ ದೃಶ್ಯಗಳಿದ್ದವು. ಸರ್ಕಾರದ ಪರ ವಕೀಲ ಡೇವಿಡ್ ಬೋಯೀಸ್ ಅದನ್ನು ನ್ಯಾಯಾಲಯದಲ್ಲೇ ಎತ್ತಿ ತೋರಿಸಿದರು. ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 2000ದ ಜೂನ್‌ನಲ್ಲಿ ಕಂಪನಿಯನ್ನು ಎರಡಾಗಿ ಒಡೆಯಲು ಆದೇಶಿಸಿದರು. 2001ರ ಜೂನ್ 28ರಂದು ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ತಳ್ಳಿಹಾಕಿತು. ಆದರೆ ಬ್ರೌಸರಿನ ಕೋಡನ್ನೂ ವಿಂಡೋಸ್‌ನ ಕೋಡನ್ನೂ ಬೇಕೆಂದೇ ಕಲಸಿದ್ದು ಸ್ಪರ್ಧೆಗೆ ಧಕ್ಕೆ ತಂದಿತು ಎಂಬ ಮಾತನ್ನು ಉಳಿಸಿಕೊಂಡಿತು.

ಮೊಕದ್ದಮೆಯ ಕತೆಯನ್ನು ಇಲ್ಲಿಗೇ ನಿಲ್ಲಿಸುವವರು ಹೆಚ್ಚು. ದುರಾಸೆಯ ಕಂಪನಿಯೊಂದು ಎದುರಾಳಿಯನ್ನು ಮುಗಿಸಲು ಹೂಡಿದ ತಂತ್ರ, ಮುಗಿಯಿತು ಎನ್ನುತ್ತಾರೆ. ಅಷ್ಟಕ್ಕೇ ಬಿಟ್ಟರೆ ಮುಖ್ಯ ಪಾಠ ತಪ್ಪಿಹೋಗುತ್ತದೆ. ಯಾಕೆಂದರೆ ಲಾಭದ ಉದ್ದೇಶವೇ ಇಲ್ಲದವರೂ ಅದೇ ಹೊತ್ತಿಗೆ ಅದೇ ಪ್ರಯೋಗ ಮಾಡಿದರು.

ಮುಕ್ತ ತಂತ್ರಾಂಶದವರ ಪ್ರಯೋಗ

ವಿಂಡೋಸ್ 98 ಬಂದು ಮೂರು ವಾರವಾಗುವ ಮೊದಲೇ, 1998ರ ಜುಲೈ 12ರಂದು, ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆ ಬಳಸುವವರಿಗಾಗಿ ಸ್ವಯಂಸೇವಕರು ಕಟ್ಟಿದ ಕೆಡಿಇ ಎಂಬ ಡೆಸ್ಕ್‌ಟಾಪಿನ ಮೊದಲ ಆವೃತ್ತಿ ಬಿಡುಗಡೆಯಾಯಿತು. ಅದರ ಫೈಲ್ ಮ್ಯಾನೇಜರಿನಲ್ಲೂ ಜಾಲದ ಪುಟ ತೆರೆಯುತ್ತಿತ್ತು. 2000ದ ಅಕ್ಟೋಬರ್‌ನಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಅದಕ್ಕೆ ಕಾಂಕರರ್ ಎಂಬ ಹೆಸರು ಬಂತು. ಒಂದೇ ಕಿಟಕಿಯನ್ನು ಎರಡಾಗಿ ಸೀಳಿ ಒಂದು ಕಡೆ ಸ್ವಂತ ಫೋಲ್ಡರ್, ಇನ್ನೊಂದು ಕಡೆ ದೂರದ ಸರ್ವರಿನ ಫೋಲ್ಡರ್ ಇಟ್ಟುಕೊಂಡು ಫೈಲನ್ನು ಎಳೆದು ಹಾಕಬಹುದಿತ್ತು. ಕಚೇರಿಯ ಇನ್ನೊಂದು ಯಂತ್ರದ ಡಿಸ್ಕನ್ನೂ ನಮ್ಮದೇ ಎಂಬಂತೆ ನೋಡಬಹುದಿತ್ತು. ಬಳಸಿದವರು ಅದನ್ನು ಬಹಳ ಮೆಚ್ಚಿಕೊಂಡಿದ್ದರು, ಮೆಚ್ಚುಗೆ ನ್ಯಾಯವಾದದ್ದೂ ಹೌದು.

ಕಾಂಕರರ್‌ಗಾಗಿ ಬರೆದ ಪುಟ ಬಿಡಿಸುವ ಎಂಜಿನ್ನಿನ ಹೆಸರು ಕೆಎಚ್‌ಟಿಎಂಎಲ್. 2003ರ ಜನವರಿಯಲ್ಲಿ ಆಪಲ್ ತನ್ನ ಸಫಾರಿ ಬ್ರೌಸರನ್ನು ಪ್ರಕಟಿಸಿದಾಗ ಅದರ ತಳಹದಿ ಇದೇ ಎಂಜಿನ್ ಎಂದು ತಿಳಿಯಿತು. ಅದು ಬೆಳೆದು ವೆಬ್‌ಕಿಟ್ ಆಯಿತು. ವೆಬ್‌ಕಿಟ್ ಹಿಡಿದು ಗೂಗಲ್ 2008ರಲ್ಲಿ ಕ್ರೋಮ್ ಮಾಡಿತು. 2013ರಲ್ಲಿ ಕವಲೊಡೆದು ಅದಕ್ಕೆ ಬ್ಲಿಂಕ್ ಎಂದು ಹೆಸರಿಟ್ಟಿತು. 2020ರಿಂದ ಮೈಕ್ರೋಸಾಫ್ಟ್‌ನ ಎಡ್ಜ್ ಕೂಡ ಅದರ ಮೇಲೇ ನಿಂತಿದೆ. ಹಿರಿಯೂರಿನ ಸೆಂಟರಿನಲ್ಲಿ ಇವತ್ತು ತೆರೆದಿರುವ ಕ್ರೋಮ್, ಐಫೋನಿನ ಸಫಾರಿ, ವಿಂಡೋಸ್‌ನ ಎಡ್ಜ್, ಈ ಮೂರೂ ಒಂದು ಫೈಲ್ ಮ್ಯಾನೇಜರಿನ ವಂಶದವು. ವಂಶ ಬೆಳೆಯಿತು, ಆದರೆ ಮೂಲ ಮನೆ ಒಡೆಯಿತು. 2008ರ ಜನವರಿಯಲ್ಲಿ ಕೆಡಿಇ ನಾಲ್ಕನೇ ಆವೃತ್ತಿ ಬಂದಾಗ ಫೈಲುಗಳಿಗೆಂದೇ ಡಾಲ್ಫಿನ್ ಎಂಬ ಬೇರೆ ತಂತ್ರಾಂಶವನ್ನು ಮುಂದಿಟ್ಟರು. ವಿಂಡೋಸ್ ಕಡೆಯಲ್ಲಿ 2006ರ ಅಕ್ಟೋಬರ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 7 ಫೈಲ್ ಮ್ಯಾನೇಜರಿನಿಂದ ಬೇರ್ಪಟ್ಟಿತು. ಅಂದಿನಿಂದ ಫೋಲ್ಡರಿನ ವಿಳಾಸಪಟ್ಟಿಯಲ್ಲಿ ಜಾಲದ ವಿಳಾಸ ಬರೆದರೆ ಬ್ರೌಸರ್ ಬೇರೆಯಾಗಿ ತೆರೆದುಕೊಳ್ಳುತ್ತದೆ.

ಒಂದು ಕಡೆ ಏಕಸ್ವಾಮ್ಯದ ಕಂಪನಿ, ಇನ್ನೊಂದು ಕಡೆ ಕೋಡನ್ನು ಹಂಚಿಕೊಂಡು ಬರೆಯುವ ಸ್ವಯಂಸೇವಕರು. ಇಬ್ಬರೂ ಒಂದೇ ದಾರಿಯಲ್ಲಿ ಹೋಗಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹಿಂದಿರುಗಿದರು. ದುರಾಸೆಯೊಂದೇ ಕಾರಣವಾಗಿದ್ದರೆ ಕೆಡಿಇ ಹಿಂದಿರುಗಬೇಕಿರಲಿಲ್ಲ. ಡಾಲ್ಫಿನ್ ಇವತ್ತಿಗೂ ದೂರದ ಸರ್ವರಿನ ಫೋಲ್ಡರನ್ನು ತೋರಿಸುತ್ತದೆ ಎಂಬುದನ್ನೂ ಗಮನಿಸಬೇಕು. ಅಂದರೆ ದೂರದಲ್ಲಿದೆ ಎಂಬುದು ತೊಡಕಾಗಿರಲಿಲ್ಲ. ತೊಡಕು ಜಾಲದ ಪುಟದ ಸ್ವಭಾವದಲ್ಲೇ ಇತ್ತು. ಫೈಲು ನಾವು ಹೇಳಿದ್ದನ್ನು ಕೇಳುತ್ತದೆ: ಸರಿಸು ಎಂದರೆ ಸರಿಯುತ್ತದೆ, ಇರು ಎಂದರೆ ಇರುತ್ತದೆ. 1995ರ ಕೊನೆಗೆ ಜಾವಾಸ್ಕ್ರಿಪ್ಟ್ ಬಂದ ಮೇಲೆ ಪುಟವು ಬರಹವಾಗಿ ಉಳಿಯಲಿಲ್ಲ. ಬೇರೆಯವರು ಬರೆದು ನಮ್ಮ ಯಂತ್ರದಲ್ಲಿ ಓಡಿಸುವ ಪ್ರೋಗ್ರಾಂ ಆಯಿತು. ಒಂದು ನಮ್ಮ ವಶದಲ್ಲಿರುವುದು, ಇನ್ನೊಂದು ಪರರ ವಶದಲ್ಲಿರುವುದು. ಎರಡಕ್ಕೂ ಒಂದೇ ಬಾಗಿಲು ಇಟ್ಟದ್ದೇ ತಪ್ಪು.

ನಂಬಿಕೆ ಎಲ್ಲಿ ಮುರಿಯಿತು

ತಪ್ಪು ಎಂದು ಗೊತ್ತಾದದ್ದು ವೈರಸ್ಸುಗಳಿಂದ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಪುಟಗಳನ್ನು ವಲಯಗಳಾಗಿ ವಿಂಗಡಿಸಿತ್ತು: ಜಾಲದ್ದಕ್ಕೆ ನಿರ್ಬಂಧ ಹೆಚ್ಚು, ಸ್ವಂತ ಯಂತ್ರದ್ದಕ್ಕೆ ನಿರ್ಬಂಧ ಕಡಿಮೆ. ನಮ್ಮ ಡಿಸ್ಕಿನಲ್ಲಿರುವುದು ನಮ್ಮದೇ ತಾನೆ ಎಂಬ ಭರವಸೆ ಇದರ ಹಿಂದೆ ಇತ್ತು. ಆದರೆ ಜಾಲದಿಂದ ಬಂದ ಪುಟವೊಂದು ಹೇಗಾದರೂ ಮಾಡಿ ಡಿಸ್ಕಿನಲ್ಲಿ ಕೂತು ಅಲ್ಲಿಂದ ತೆರೆದುಕೊಂಡರೆ ಅದಕ್ಕೂ ಅದೇ ಸಲಿಗೆ ಸಿಗುತ್ತಿತ್ತು. 2002ರ ರೆಡ್‌ಲಾಫ್ ಎಂಬ ವೈರಸ್ ಮೇಲೆ ಹೇಳಿದ ‘ಫೋಲ್ಡರ್ ಡಾಟ್ ಎಚ್‌ಟಿಟಿ’ ಫೈಲಿನೊಳಗೇ ಸೇರಿಕೊಂಡಿತು. ಯಾವ ಫೈಲನ್ನೂ ತೆರೆಯಬೇಕಿಲ್ಲ, ಫೋಲ್ಡರನ್ನು ನೋಡಿದರೆ ಸಾಕು, ವೈರಸ್ ಓಡುತ್ತಿತ್ತು. ಅಪರಿಚಿತ ಫೈಲನ್ನು ಒತ್ತಬೇಡಿ ಎಂಬ ಬುದ್ಧಿಮಾತು ಅಲ್ಲಿ ನಿಷ್ಪ್ರಯೋಜಕ.

2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬಂದ ಎರಡನೇ ಸರ್ವಿಸ್ ಪ್ಯಾಕ್ ಈ ಭರವಸೆಯನ್ನು ತಲೆಕೆಳಗು ಮಾಡಿತು. ಸ್ವಂತ ಡಿಸ್ಕಿನಿಂದ ತೆರೆದ ಪುಟಕ್ಕೂ ಬೀಗ ಬಿತ್ತು. ಜಾಲದಿಂದ ಇಳಿಸಿದ ಫೈಲಿನ ಬೆನ್ನಿಗೆ ‘ಇದು ಹೊರಗಿನಿಂದ ಬಂದದ್ದು’ ಎಂಬ ಗುರುತು ಅಂಟತೊಡಗಿತು. ಇಳಿಸಿದ ಫೈಲು ತೆರೆಯುವಾಗ ಇಂದಿಗೂ ಬರುವ ಎಚ್ಚರಿಕೆಗೆ ಆ ಗುರುತೇ ಆಧಾರ. ಗಮನಿಸಿ, ಯಂತ್ರ ತನಗೆ ಬೇಕಾದ ಗೆರೆಯನ್ನು ತಾನು ಬರೆದುಕೊಂಡಿತು. ಕೂತು ನೋಡುವ ಮನುಷ್ಯನಿಗೆ ಅದನ್ನು ಸ್ಪಷ್ಟವಾಗಿ ಕಾಣಿಸಲಿಲ್ಲ. ಈಗಲೂ ವಂಚಕರು ಇಮೇಲಿನಲ್ಲಿ ಬ್ಯಾಂಕಿನ ಲಾಗಿನ್ ಪುಟದ ನಕಲನ್ನು ಫೈಲಾಗಿ ಕಳಿಸುತ್ತಾರೆ. ಒತ್ತಿದರೆ ಅದು ಬ್ರೌಸರಿನಲ್ಲೇ ತೆರೆಯುತ್ತದೆ, ಬ್ಯಾಂಕಿನ ಚಿಹ್ನೆಯೂ ಇರುತ್ತದೆ. ವಿಳಾಸಪಟ್ಟಿಯಲ್ಲಿ ಬ್ಯಾಂಕಿನ ಹೆಸರು ಇರುವುದಿಲ್ಲ, ‘ಫೈಲ್’ ಎಂದಿರುತ್ತದೆ. ಆ ಒಂದು ಪದವನ್ನು ಓದಲು ಕಲಿತವರು ಬಚಾವು. ಫೋನಿನಲ್ಲಿ ಇದರ ಇನ್ನೊಂದು ರೂಪ ಹಬ್ಬಿದೆ. ಸಾರಿಗೆ ಇಲಾಖೆಯ ದಂಡದ ಚಲನ್, ಮದುವೆಯ ಕರೆಯೋಲೆ, ಸರ್ಕಾರಿ ಯೋಜನೆಯ ಅರ್ಜಿ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ ಫೈಲು. ನೋಡುವ ಪುಟವೆಂದು ಒತ್ತುತ್ತಾರೆ, ಅದು ಫೋನಿನೊಳಗೆ ನೆಲೆಯೂರುವ ಆ್ಯಪ್ ಆಗಿರುತ್ತದೆ, ಖಾತೆಯ ಹಣ ಹೋಗುತ್ತದೆ. ಕಳಕೊಂಡವರನ್ನು ದಡ್ಡರೆನ್ನುವುದು ಅನ್ಯಾಯ. ಪುಟ, ಫೈಲು, ಪ್ರೋಗ್ರಾಂ ಮೂರನ್ನೂ ಒಂದೇ ಥರ ತೋರಿಸುವ ಪರದೆಯ ಮುಂದೆ ಅವರನ್ನು ಕೂರಿಸಿದವರು ನಾವು.

ಪಹಣಿಗೆ ಇದು ಹೇಗೆ ತಾಗುತ್ತದೆ

ಕರ್ನಾಟಕದಲ್ಲಿ ಈ ಗೊಂದಲ ಕೃಷಿಕರ ಕಾಗದದವರೆಗೂ ಬಂದಿದೆ. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಬಂದು, ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳು ಕಂಪ್ಯೂಟರಿಗೆ ಏರಿದವು. ಮೊದಲು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಸಿಗುತ್ತಿದ್ದ ಮುದ್ರಿತ ಪ್ರತಿ ಈಗ ಮನೆಯಲ್ಲೇ ಕೂತು ಪಡೆಯುವಂತಾಗಿದೆ. ಇದು ದೊಡ್ಡ ಸಾಧನೆ, ಅದರಲ್ಲಿ ಎರಡು ಮಾತಿಲ್ಲ. ಹೊಸದುರ್ಗದ ತೆಂಗಿನ ತೋಟದವರಾಗಲಿ, ಹಿರಿಯೂರಿನಲ್ಲಿ ವಾಣಿವಿಲಾಸ ಸಾಗರದ ನಾಲೆಯ ಕೆಳಗಿನವರಾಗಲಿ, ಪಹಣಿಗಾಗಿ ಒಂದು ದಿನದ ಕೂಲಿ ಕಳೆಯಬೇಕಿಲ್ಲ. ಆದರೆ ಇಲಾಖೆಯ ಜಾಲತಾಣದಲ್ಲಿ ಎರಡು ಬಗೆ ಇದೆ. ದುಡ್ಡಿಲ್ಲದೆ ನೋಡಬಹುದಾದ ಪುಟ ಮಾಹಿತಿಗೆ ಮಾತ್ರ. ಶುಲ್ಕ ಕಟ್ಟಿ ಪಡೆಯುವ ಪ್ರತಿ ಕಚೇರಿಗಳಲ್ಲಿ ನಡೆಯುವಂಥದ್ದು. ಪರದೆಯ ಮೇಲೆ ಎರಡೂ ಒಂದೇ ಹಾಗೆ ಕಾಣುತ್ತವೆ. ನೋಡುವ ಪುಟವನ್ನೇ ಮುದ್ರಿಸಿ ಕೊಟ್ಟರೆ ಬ್ಯಾಂಕಿನಲ್ಲಿ ಅದು ನಡೆಯುವುದಿಲ್ಲ, ಮತ್ತೊಂದು ಓಡಾಟ ತಪ್ಪುವುದಿಲ್ಲ.

ಇಲ್ಲಿ ಹಳೆಯ ರೂಢಿಯೊಂದು ದಾರಿ ತೋರಬಲ್ಲದು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುವುದು ಮೂಲ, ನಮ್ಮ ಟ್ರಂಕಿನಲ್ಲಿರುವುದು ನಕಲು ಎಂಬುದು ಓದು ಬಾರದವರಿಗೂ ಗೊತ್ತಿತ್ತು. ನಕಲಿಗೆ ತಾರೀಖಿತ್ತು, ಸೀಲಿತ್ತು. ಯಾವುದಕ್ಕೆ ಯಾವುದು ನಡೆಯುತ್ತದೆ ಎಂಬ ಲೆಕ್ಕ ಹಳ್ಳಿಯವರ ಬಾಯಲ್ಲೇ ಇತ್ತು. ಜಾಲದ ಪುಟವೆಂದರೆ ಆ ರೆಕಾರ್ಡ್ ರೂಮಿನೊಳಗೆ ಇಣುಕಿದಂತೆ. ಇಳಿಸಿದ ಫೈಲು ಟ್ರಂಕಿನ ನಕಲು. ಇಂದಿನ ಸ್ಥಿತಿ ತಿಳಿಯಲು ಮೊದಲನೆಯದು ಬೇಕು, ಇಂಥ ದಿನ ಹೀಗಿತ್ತು ಎಂದು ಹೇಳಲು ಎರಡನೆಯದು ಬೇಕು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ವಿದ್ಯುನ್ಮಾನ ದಾಖಲೆಗೂ ಡಿಜಿಟಲ್ ಸಹಿಗೂ ಮಾನ್ಯತೆ ಕೊಟ್ಟಿದೆ. ಆ ಸಹಿ ಇರುವುದು ಫೈಲಿನೊಳಗೆ. ಮುದ್ರಿಸಿದ ಹಾಳೆಯಲ್ಲಿ ಅದರ ಚಿತ್ರ ಮಾತ್ರ ಬರುತ್ತದೆ. ಆದ್ದರಿಂದ ಡಿಜಿಟಲ್ ಸಹಿ ಇರುವ ಪ್ರಮಾಣಪತ್ರದ ಪ್ರಿಂಟ್ ತೆಗೆದುಕೊಂಡು ಫೈಲನ್ನು ಸೆಂಟರಿನಲ್ಲೇ ಬಿಟ್ಟುಬರುವುದೆಂದರೆ ನಿಜವಾದ ಪ್ರತಿಯನ್ನು ಅಲ್ಲಿ ಬಿಟ್ಟು ಅದರ ನೆರಳನ್ನು ಮನೆಗೆ ತಂದಂತೆ. ಅಷ್ಟೇ ಅಲ್ಲ, ಹಾಗೆ ಬಿಟ್ಟ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಫೈಲುಗಳು ಆ ಯಂತ್ರದ ಡೌನ್‌ಲೋಡ್ ಫೋಲ್ಡರಿನಲ್ಲಿ ರಾಶಿ ಬಿದ್ದಿರುತ್ತವೆ, ಮುಂದೆ ಬಂದವರ ಕಣ್ಣಿಗೆಲ್ಲ ಬೀಳುತ್ತವೆ. ಪುಟ ಮುಚ್ಚಿದರೆ ಮುಗಿಯಿತು ಎಂದುಕೊಂಡು ಜನ ಎದ್ದು ಹೋಗುತ್ತಾರೆ. ಪುಟ ಮುಚ್ಚಿದೆ, ಫೈಲು ಉಳಿದಿದೆ.

ಉಳಿಸಿಟ್ಟ ಕನ್ನಡ ಪುಟಗಳ ಗತಿ

ಪುಟವನ್ನು ಉಳಿಸಿಟ್ಟುಕೊಂಡರೆ ಆಯಿತಲ್ಲ ಎನ್ನುವವರು ಕನ್ನಡದ ಅನುಭವವನ್ನು ನೋಡಬೇಕು. ಬ್ರೌಸರಿನಲ್ಲಿ ‘ಸೇವ್’ ಒತ್ತಿದರೆ ಪುಟದ ಫೈಲು ಒಂದು, ಚಿತ್ರ ಮುಂತಾದವುಗಳ ಫೋಲ್ಡರ್ ಇನ್ನೊಂದು, ಹೀಗೆ ಎರಡು ತುಂಡು ಬರುವುದುಂಟು. ಪೆನ್‌ಡ್ರೈವಿಗೆ ಮೊದಲನೆಯದನ್ನಷ್ಟೇ ಹಾಕಿಕೊಂಡು ಮನೆಗೆ ಬಂದರೆ ಚಿತ್ರಗಳ ಜಾಗ ಖಾಲಿ. ಅದು ಸಣ್ಣ ತೊಂದರೆ. ದೊಡ್ಡದು ಅಕ್ಷರದ್ದು. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಎಂಬ ಕನ್ನಡ ಯುನಿಕೋಡ್ ಫಾಂಟನ್ನು ಜೊತೆಗೇ ತರುವವರೆಗೂ, ಅದಾದ ಎಷ್ಟೋ ವರ್ಷವೂ, ಕನ್ನಡದ ಜಾಲತಾಣಗಳು ಒಂದೊಂದು ಒಂದೊಂದು ಫಾಂಟ್ ಬಳಸುತ್ತಿದ್ದವು. ಒಳಗಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ; ಆ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತಿತ್ತು. ಆಗ ಉಳಿಸಿಟ್ಟ ಪುಟಗಳನ್ನು ಇಂದು ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಫೈಲು ಸ್ವಂತದ್ದಾಗಿತ್ತು, ಅದನ್ನು ಓದಿಸುವ ಫಾಂಟ್ ಸ್ವಂತದ್ದಾಗಿರಲಿಲ್ಲ. ಉಳಿಸುವಾಗ ಪುಟ ತನ್ನೊಳಗೇ ಪೂರ್ತಿ ಇದೆಯೋ ಹೊರಗಿನ ಯಾವುದನ್ನೋ ನೆಚ್ಚಿದೆಯೋ ಎಂದು ಯಾರೂ ಹೇಳಿರಲಿಲ್ಲ. ಪುಟವನ್ನು ಅದರ ಫಾಂಟಿನ ಸಮೇತ ಪಿಡಿಎಫ್ ಮಾಡಿ ಉಳಿಸಿದವರ ಪ್ರತಿಗಳು ಇಂದಿಗೂ ಕಣ್ಣಿಗೆ ಕನ್ನಡವಾಗಿಯೇ ಇವೆ.

ಎದುರು ಮಾತುಗಳು

ಒಂದೇ ಕಿಟಕಿ ಇದ್ದರೆ ಕಲಿಯುವವರಿಗೆ ಸುಲಭ ಎಂಬುದು ಮೊದಲ ಆಕ್ಷೇಪ. ಒತ್ತುವುದು ಸುಲಭವಾಗುತ್ತದೆ, ನಿಜ. ಒತ್ತಿದ್ದರ ಫಲ ಅರಿಯುವುದು ಕಷ್ಟವಾಗುತ್ತದೆ. ಜಾಲ ಇಲ್ಲದ ಹೊತ್ತಿನಲ್ಲಿ ಯಾವುದು ತೆರೆಯುತ್ತದೆ, ಯಾವುದು ತೆರೆಯುವುದಿಲ್ಲ ಎಂಬುದನ್ನು ಕಲಿಯುವವರು ಊಹಿಸಬೇಕಾಗುತ್ತದೆ. ಎರಡನೆಯದು ಇನ್ನೂ ಗಟ್ಟಿಯಾದ ಆಕ್ಷೇಪ: ಇದೆಲ್ಲ ಹಳೆಯ ಕಾಲದ ಜಗಳ, ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೇ 2022ರ ಜೂನ್ 15ರಂದು ಮಂಗಳ ಹಾಡಿದ್ದಾಗಿದೆ, ಈಗಿನವರು ಫೋಲ್ಡರನ್ನೇ ನೋಡುವುದಿಲ್ಲ, ಎಲ್ಲವೂ ಫೋನಿನ ಆ್ಯಪಿನಲ್ಲಿ. ನನ್ನ ಪ್ರಕಾರ ಇದರಿಂದಲೇ ಪ್ರಶ್ನೆ ಇನ್ನಷ್ಟು ಹರಿತವಾಗುತ್ತದೆ. 1998ರಲ್ಲಿ ಅಳಿಸಲು ಹೊರಟಿದ್ದ ಗೆರೆಯನ್ನು ಫೋನು ಪೂರ್ತಿ ಅಳಿಸಿದೆ. ಫೋಟೊ ಫೋನಿನಲ್ಲಿದೆಯೋ ಕಂಪನಿಯ ಸರ್ವರಿನಲ್ಲಿದೆಯೋ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಕಾಗದ ಫೋನು ಬದಲಿಸಿದರೆ ಉಳಿಯುತ್ತದೋ ಇಲ್ಲವೋ, ಮನೆಮನೆಯಲ್ಲೂ ಇದೇ ತಳಮಳ. ವಿಂಡೋಸ್‌ನ ಫೈಲ್ ಮ್ಯಾನೇಜರಿನಲ್ಲಿ 2017ರಿಂದ ಒನ್‌ಡ್ರೈವ್ ಫೈಲುಗಳ ಪಕ್ಕದಲ್ಲಿ ದೂರದ್ದಕ್ಕೆ ಮೋಡದ ಗುರುತು, ಯಂತ್ರದಲ್ಲಿ ಇರುವುದಕ್ಕೆ ಹಸಿರು ಗುರುತು ಕಾಣಿಸುತ್ತಿದೆ. ಸಣ್ಣ ಗುರುತು, ಆದರೆ ಸರಿಯಾದ ದಿಕ್ಕಿನದು. ಇದನ್ನು ಯಾರೂ ಕಲಿಸುವುದಿಲ್ಲ ಎಂಬುದೇ ಕೊರತೆ.

ಮೂರನೆಯ ಆಕ್ಷೇಪವನ್ನು ಒಪ್ಪಲೇಬೇಕು. ಸ್ವಂತ ಡಿಸ್ಕಿಗಿಂತ ಸರ್ಕಾರದ ಸರ್ವರೇ ಸುರಕ್ಷಿತ. ಪೆನ್‌ಡ್ರೈವ್ ಕಳೆಯುತ್ತದೆ, ಕಂಪ್ಯೂಟರ್ ಸುಡುತ್ತದೆ, 2015ರಿಂದ ಇರುವ ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಹಾಗೇ ಇರುತ್ತದೆ. ಹೌದು. ದಾಖಲೆ ಜಾಲದಲ್ಲಿರಬಾರದು ಎಂದು ಯಾರೂ ವಾದಿಸಬೇಕಿಲ್ಲ. ಆದರೆ ಸರ್ವರಿನಲ್ಲಿರುವುದು ಬದಲಾಗಬಲ್ಲದು, ಅದು ಬದಲಾಗಬೇಕಾದದ್ದೂ ಹೌದು. ಪಹಣಿಯಲ್ಲಿ ಹೆಸರು ತಪ್ಪಾಗಿ ಏರಿದಾಗ, ಹಿಂದಿನ ಸ್ಥಿತಿ ಹೀಗಿತ್ತು ಎಂದು ತೋರಿಸಲು ತಾರೀಖಿನ ಸಮೇತ ಕೈಯಲ್ಲಿರುವ ಪ್ರತಿ ಬಹಳ ನೆರವಾಗುತ್ತದೆ. ಎರಡೂ ಬೇಕು. ಯಾವುದು ಯಾವುದೆಂದು ಗೊತ್ತಿರಬೇಕು.

ಇಲಾಖೆಗಳು ಮಾಡಬಹುದಾದ ಕೆಲಸ ದುಬಾರಿಯದಲ್ಲ. ಮಾಹಿತಿಗಾಗಿ ತೋರಿಸುವ ಪುಟಕ್ಕೂ ಮಾನ್ಯ ಪ್ರತಿಗೂ ಬೇರೆ ಬಣ್ಣವಿರಲಿ. ಪುಟದ ಮೇಲ್ತುದಿಯಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ಯಾವ ದಿನ, ಎಷ್ಟು ಗಂಟೆಯ ಸ್ಥಿತಿ ಎಂದು ಇರಲಿ. ಶಾಲೆಗಳ ಕಂಪ್ಯೂಟರ್ ಪಾಠದಲ್ಲಿ ಚಿತ್ರ ಬಿಡಿಸುವುದಕ್ಕೆ ಮೊದಲು ವಿಳಾಸಪಟ್ಟಿ ಓದುವುದನ್ನು ಕಲಿಸಲಿ. ಗ್ರಾಮ ಒನ್ ಕೇಂದ್ರಗಳಲ್ಲೂ ಖಾಸಗಿ ಸೆಂಟರುಗಳಲ್ಲೂ ದಿನದ ಕೊನೆಗೆ ಡೌನ್‌ಲೋಡ್ ಫೋಲ್ಡರ್ ಬರಿದಾಗಲಿ. ಸಾರ್ವಜನಿಕ ಕಂಪ್ಯೂಟರಿನಲ್ಲಿ ಇಳಿಸಿಕೊಂಡ ಪ್ರತಿಯನ್ನು ಅಳಿಸಬೇಕೆಂದು ಆಧಾರ್ ಪ್ರಾಧಿಕಾರವೂ ಹೇಳಿದೆ.

ಕಾಗದ ಮಾಡಿಸಲು ಹೋಗುವವರಲ್ಲಿ ಒಂದು ಕೋರಿಕೆ. ಪ್ರಿಂಟ್ ಕೈಗೆ ಬಂದ ಕೂಡಲೇ ಏಳಬೇಡಿ. ಇದು ಇಲಾಖೆಯ ಪುಟವೋ ಇಳಿಸಿದ ಫೈಲೋ ಎಂದು ಕೇಳಿ, ಫೈಲನ್ನು ನಿಮ್ಮ ಫೋನಿಗೆ ಕಳಿಸಿಕೊಳ್ಳಿ, ಅಲ್ಲಿನ ಪ್ರತಿಯನ್ನು ನಿಮ್ಮ ಕಣ್ಣೆದುರೇ ಅಳಿಸಿಸಿ, ರೀಸೈಕಲ್ ಬಿನ್ನಿನಿಂದಲೂ ತೆಗೆಸಿ. ಕೂತವರು ಬೇಸರಪಟ್ಟರೂ ಕೇಳಿ, ದಾಖಲೆ ನಿಮ್ಮದು.